ಬೀಗದ ಕೈ ಪೂಜೆಗೆ ಕೂತಿತ್ತು

ಕಳೆದ ಭಾನುವಾರ ಬೆಳಿಗ್ಗೆ ನಾನು ಒಂದು ಶಾಲೆಯ ಬಾಗಿಲು ಒಡೆದೆ. ಗುಂಡು ಎಸೆತದ ಗುಂಡಿನಿಂದ.

ಹೌದು, ನಾನೇ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳುವವಳು. ಪತ್ರಿಕೆಯ ಈ ಜಾಗದಲ್ಲಿ ವಾರವಾರವೂ ಬಸ್ಸಿನ ಕ್ಯೂ, ಸೀಮೆಎಣ್ಣೆ, ತಾಳ್ಮೆ ಅಂತ ನಿಮ್ಮ ತಲೆ ತಿನ್ನುವವಳು. ಉಟ್ಟಿದ್ದು ರೇಷ್ಮೆ ಸೀರೆ. ಎದೆಯ ಮೇಲೆ 'ತೀರ್ಪುಗಾರರು' ಎಂದು ಬರೆದ ಬ್ಯಾಡ್ಜು. (ಒಡೆಯುವಾಗ ಬ್ಯಾಡ್ಜು ಎಲ್ಲೋ ಬಿದ್ದುಹೋಯಿತು. ಮತ್ತೆ ಸಿಗಲಿಲ್ಲ.)

ಬೀಗದ ಕೈ ಇರಲಿಲ್ಲವೇ? ಇತ್ತು. ಬಸವೇಶ್ವರನಗರದಲ್ಲಿ, ಹೆಡ್ಮಾಸ್ಟರ ಜನಿವಾರದಲ್ಲಿ ನೇತಾಡುತ್ತಿತ್ತು. ಹೆಡ್ಮಾಸ್ಟರು ಪೂಜೆಗೆ ಕೂತಿದ್ದರು. ಇತ್ತ ವಿಜಯನಗರದ ಅವರ ಶಾಲೆಯಲ್ಲಿ, ಆ ಬೀಗದ ಹಿಂದೆ, ಹಿಂದಿನ ದಿನದಿಂದ ಒಂದು ಹಾಲ್ ತುಂಬ ಹುಡುಗಿಯರಿದ್ದರು. ಅವರಲ್ಲಿ ನನ್ನ ಅಕ್ಕನ ಮಗಳು ಶೋಭಾ ಒಬ್ಬಳು.

ಮೊದಲಿನಿಂದ ಹೇಳುತ್ತೇನೆ. ಗುಂಡು ಎತ್ತಿದ ಕೈ ಇನ್ನೂ ನೋಯುತ್ತಿದೆ. ನನ್ನ ಅಕ್ಷರ ಸೊಟ್ಟಗಾಗಿದ್ದರೆ ಅಚ್ಚಿನ ಮೊಳೆ ಜೋಡಿಸುವವರು ಕ್ಷಮಿಸಬೇಕು.

ಶಾಲೆಗಳ ಸೈನ್ಸ್ ಕ್ಲಬ್ಬುಗಳದ್ದೆಲ್ಲ ಸೇರಿ ಒಂದು ಸಮ್ಮೇಳನ. ಶನಿವಾರ, ಭಾನುವಾರ. ಮಕ್ಕಳು ಮಾಡೆಲ್ ತರುವುದು, ಒಂದು ರಾತ್ರಿ ಶಾಲೆಯಲ್ಲೇ ಮಲಗುವುದು, ಮಾರನೆಯ ದಿನ ತೀರ್ಪು. ಮೊದಲ ಬಹುಮಾನ ಬಂದ ಮಾಡೆಲ್ ರಾಜ್ಯಮಟ್ಟಕ್ಕೆ ಮೈಸೂರಿಗೆ ಹೋಗುತ್ತದೆ. ಮೈಸೂರು! ಶೋಭಾ ಕೆಂಗೇರಿ ದಾಟಿ ಆಚೆ ಹೋದವಳಲ್ಲ.

ಅವಳು ಒಂಬತ್ತನೇ ಕ್ಲಾಸು. ಮನೆ ಹೊಸಹಳ್ಳಿಯಲ್ಲಿ. ಅವಳ ಮಾಡೆಲ್ಲು ಬಚ್ಚಲಿನ ನೀಲಿ ಪ್ಲಾಸ್ಟಿಕ್ ಬಕೆಟ್. ಅದರ ತಳಕ್ಕೆ ತೂತು ಕೊರೆದು ಸಣ್ಣ ನಲ್ಲಿ ಕೂರಿಸಿದ್ದಳು. ಒಳಗೆ ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಇದ್ದಿಲು. ಮರಳು ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟುತ್ತಿರುವವರ ಹತ್ತಿರ ಕೇಳಿ ತಂದದ್ದು. ಇದ್ದಿಲು ಇಸ್ತ್ರಿಯವನ ಹತ್ತಿರ ಕಾಡಿ ಬೇಡಿ ತಂದದ್ದು. ಮೇಲಿಂದ ವೃಷಭಾವತಿಯ ಕೊಳಚೆ ನೀರು ಸುರಿದರೆ ಕೆಳಗೆ ನಲ್ಲಿಯಲ್ಲಿ ತಿಳಿನೀರು. (ಮೂಗು ಮುಚ್ಚಬೇಡಿ. ಕುಡಿಯಲಿಕ್ಕಲ್ಲ, ಗಿಡಕ್ಕೆ.) ಎಷ್ಟು ದಿನ ಆ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳೋ! ಅಕ್ಕನ ಮನೆಯವರೆಲ್ಲ ಬಿಂದಿಗೆಯಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡಿದರು.

ಮಾಡೆಲ್ ಆಯಿತು. ಪರ್ಮಿಷನ್? ಅದು ಆಗಲಿಲ್ಲ. ಹೆಣ್ಣು ಮಗು, ಹೊರಗೆ ಮಲಗುವುದು ಅಂದರೇನು? ಭಾವ ಪೇಪರ್ ಮಡಚಿಟ್ಟು ಎದ್ದು ಹೋದರು. ಶೋಭಾ ಊಟ ಬಿಟ್ಟಳು. ಕೊನೆಗೆ ನಾನು ನಡುವೆ ಬಂದೆ. ನಾನೇ ತೀರ್ಪುಗಾರ್ತಿ, ನನ್ನ ಜವಾಬ್ದಾರಿ, ಕಳಿಸಿ ಅಂದೆ. (ಅವಳ ಮಾಡೆಲ್ಲಿಗೆ ನಾನು ಅಂಕ ಹಾಕುವುದಿಲ್ಲ ಎಂದು ಸಂಘಟಕರಿಗೆ ಮೊದಲೇ ಹೇಳಿದ್ದೆ.)

"ಕಳಿಸ್ತೀನಿ," ಅಂದರು ಭಾವ. "ಆದ್ರೆ ಒಂದೇ ಒಂದು ಕಂಪ್ಲೇಂಟ್ ಬರಲಿ, ಇದೇ ಮೊದಲು, ಇದೇ ಕೊನೆ. ತಿಳೀತಾ?"

ಅವಳಿಗೆ ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತು ಅಂತ ನನಗೆ ಗೊತ್ತಾಗಿದ್ದು ಭಾನುವಾರ.

ಶನಿವಾರ ಸಂಜೆ ಉದ್ಘಾಟನೆ. ನಾನೂ ವೇದಿಕೆಯ ಮೇಲಿದ್ದೆ. ಹೆಡ್ಮಾಸ್ಟರು ಎದ್ದು ನಿಂತರು. ಕಚ್ಚೆಪಂಚೆ, ಕ್ಲೋಸ್ ಕೋಟು, ಹಣೆಯಲ್ಲಿ ಅಕ್ಷತೆ. ವಿಜ್ಞಾನದ ಬಗ್ಗೆ ಒಂದು ಮಾತು ಹೇಳಿದ್ದರೆ ಕೇಳಿ. ಪೂರ್ತಿ ಶಿಸ್ತು.

"ನನ್ನ ಸ್ಕೂಲಲ್ಲಿ ಸೂಜಿ ಬಿದ್ರೂ ಕೇಳಿಸ್ಬೇಕು. ಯಾವ ಸ್ಕೂಲಿನವರಿಂದ ಒಂದು ಸದ್ದು ಬರುತ್ತೋ ಆ ಸ್ಕೂಲು ಮುಂದಿನ ವರ್ಷದಿಂದ ಕ್ಯಾನ್ಸಲ್. ಮುಖ್ಯವಾಗಿ ಹೆಣ್ಣು ಮಕ್ಕಳು. ನಿಮ್ಮ ತಂದೆ ತಾಯಿ ನನ್ನನ್ನ ನಂಬಿ ಕಳಿಸಿದಾರೆ."

ನಾನೂ ಚಪ್ಪಾಳೆ ತಟ್ಟಿದೆ. ಯಾರು ತಟ್ಟುವುದಿಲ್ಲ ಹೇಳಿ?

ಊಟವಾಯಿತು. ಚಿತ್ರಾನ್ನ, ಮೊಸರನ್ನ. ಹುಡುಗರಿಗೆ ಕೆಳಗಿನ ಕ್ಲಾಸ್ ರೂಮುಗಳು. ಹುಡುಗಿಯರಿಗೆ ಮೂಲೆಯ ಡ್ರಾಯಿಂಗ್ ಹಾಲು, ಜೊತೆಗೆ ಶಾಲೆಯ ಹೊಲಿಗೆ ಟೀಚರ್ ಸರೋಜಮ್ಮ. ಶೋಭಾ ತನ್ನ ಬಕೆಟ್ಟನ್ನು ತಬ್ಬಿಕೊಂಡು ಒಳಗೆ ಹೋದಳು. ಹೊರಗಿಟ್ಟರೆ ಹುಡುಗರು ಕೈಯಾಡಿಸುತ್ತಾರೆ ಅಂತ ಭಯ. ನಾನು ಬಸ್ ಹಿಡಿದು ಮನೆಗೆ ಬಂದೆ.

ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅಕ್ಕ ಕೊಟ್ಟ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಶಾಲೆಗೆ ಹೋದೆ. ಅಂಗಳದಲ್ಲಿ ಹುಡುಗರ ದೊಂಬಿ. ನಲ್ಲಿ ಹತ್ತಿರ ನೀರೆರಚಾಟ, ಕೇಕೆ. ಹುಡುಗಿಯರ ಹಾಲ್ ಕಡೆಯಿಂದ ಪಿಟ್ಟೆಂಬ ಸದ್ದಿಲ್ಲ. ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ. ಓಹೋ, ಎಲ್ಲ ಎದ್ದು ತಿಂಡಿಗೆ ಹೋಗಿದ್ದಾರೆ ಅಂದುಕೊಂಡೆ.

ಆಮೇಲೆ ಕಿಟಕಿ ನೋಡಿದೆ.

ಸರಳುಗಳ ಹಿಂದೆ ಸಾಲಾಗಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು. ಕೆಲವರು ಕಾಲು ಹೆಣೆದುಕೊಂಡು ನಿಂತಿದ್ದರು. ನನ್ನನ್ನು ನೋಡಿದ್ದೇ ತಡ, ಎಲ್ಲರೂ ಒಟ್ಟಿಗೆ, ಪಿಸುಮಾತಿನಲ್ಲಿ ಹೇಳಿದರು:

"ಗುಡ್ ಮಾರ್ನಿಂಗ್ ಮಿಸ್."

ಆ ಪಿಸುಮಾತು ಈಗಲೂ ನನ್ನ ಕಿವಿಯಲ್ಲಿದೆ. ಕೂಗಾಡಿದ್ದರೆ, ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಆ ಹಾಲಿಗೆ ಕಕ್ಕಸು ಇಲ್ಲ. ಇರುವುದು ಮೈದಾನದ ಆಚೆ. ಡಿಸೆಂಬರ್ ಚಳಿ ಬೇರೆ. ಊಟ ಮುಗಿದದ್ದೇ ಹಾಕಿದ ಬೀಗ, ಇನ್ನೂ ತೆಗೆದಿಲ್ಲ. ಸ್ವಲ್ಪ ಯೋಚನೆ ಮಾಡಿ. ಬೇಡ, ಯೋಚನೆ ಮಾಡಬೇಡಿ.

ಡ್ರಿಲ್ ಮಾಸ್ಟರನ್ನು ಹಿಡಿದೆ. ಅವರು ಅದೇ ಜಗಲಿಯಲ್ಲಿ, ಹಾಲಿನ ಪಕ್ಕದಲ್ಲೇ ಮಲಗಿದ್ದವರು.

"ಬೀಗ ಯಾರ್ರೀ ಹಾಕಿದ್ದು?"

"ಸಾಹೇಬ್ರೇ ಹಾಕ್ಕೊಂಡ್ ಹೋದ್ರು ಮೇಡಂ. ಸೇಫ್ಟಿಗೆ. ಏನ್ ಡಿಸಿಪ್ಲೀನ್ ಅಂತೀರಾ! ಒಂದು ಸೌಂಡ್ ಇಲ್ಲ. ನಾನು ಹಾಯಾಗಿ ನಿದ್ದೆ ಮಾಡ್ದೆ."

ಅವರನ್ನೇ ಸೈಕಲ್ ಹತ್ತಿಸಿ ಬಸವೇಶ್ವರನಗರಕ್ಕೆ ಓಡಿಸಿದೆ. ಹೋದರು, ಬಂದರು. ಬರಿಗೈಯಲ್ಲಿ!

"ಕೀ ಎಲ್ಲಿ?"

"ಜನಿವಾರದಲ್ಲಿದೆ ಮೇಡಂ."

"ಅಂದ್ರೆ?"

"ಅವರು ಸ್ಕೂಲ್ ಕೀ ಎಲ್ಲಾ ಜನಿವಾರಕ್ಕೇ ಕಟ್ಕೊಳ್ಳೋದು. ಕಳ್ಕೊಬಾರ್ದು ಅಂತ. ಈಗ ಪೂಜೆಗೆ ಕೂತಿದಾರೆ. ಮಡೀಲಿದಾರಲ್ಲ, ಮುಟ್ಟೋ ಹಾಗಿಲ್ಲ. ಮಂಗಳಾರತಿ ಆಗ್ತಿದ್ದಂಗೆ ಬರ್ತಾರೆ ಅಂದ್ರು ಅಮ್ಮಾವ್ರು. ಇವತ್ತು ಸ್ವಲ್ಪ ಜಾಸ್ತಿ ಹೊತ್ತಂತೆ. ಫಂಕ್ಷನ್ ನಿರ್ವಿಘ್ನವಾಗಿ ನಡೀಲಿ ಅಂತ ವಿಶೇಷ ಪೂಜೆ."

ನನ್ನ ತಾತನೂ ಜನಿವಾರಕ್ಕೆ ಬೀಗದ ಕೈ ಕಟ್ಟಿಕೊಳ್ಳುತ್ತಿದ್ದರು. ಅದು ಬೀರುವಿನದು. ಬೀರುವಿನೊಳಗೆ ಬೆಳ್ಳಿ ಲೋಟಗಳಿದ್ದವು. ಬೆಳ್ಳಿ ಲೋಟಕ್ಕೆ ಕಕ್ಕಸಿಗೆ ಹೋಗಬೇಕಾಗುವುದಿಲ್ಲ ಸ್ವಾಮಿ!

ಡ್ರಿಲ್ ಮಾಸ್ಟರ ರೂಮಿಗೆ ನುಗ್ಗಿದೆ. ಮೂಲೆಯಲ್ಲಿ ಗುಂಡು ಇತ್ತು. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಬಾಗಿಲ ಮುಂದೆ ನಿಂತೆ. ಆಗ ಕಿಟಕಿಯಿಂದ ಯಾವುದೋ ಪುಟ್ಟ ದನಿ ಬಂತು.

"ಬೇಡ ಮಿಸ್. ಸೌಂಡ್ ಆಗತ್ತೆ."

ನಾನು ಬಾಗಿಲಿಗೆ ಗುಂಡು ಎತ್ತಿ ಹಾಕಿದ್ದು ಹೆಡ್ಮಾಸ್ಟರ ಮೇಲಿನ ಸಿಟ್ಟಿಗಲ್ಲ. ಆ ಮಾತಿಗೆ. ಬೀಗ ಅಲ್ಲಾಡಲಿಲ್ಲ, ಚಿಲಕ ಕಿತ್ತು ಬಂತು.

ಹುಡುಗಿಯರು ನುಗ್ಗಿ ಓಡಿದರು ಅಂದುಕೊಂಡಿರಾ? ಇಲ್ಲ. ಲೈನಾಗಿ ಬಂದರು. ಮೈದಾನ ದಾಟಿದ ಮೇಲೆ ಓಡಿದರು.

ಸರೋಜಮ್ಮ ಕೊನೆಗೆ ಬಂದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಅವರ ಮೇಲೆ ಹರಿಹಾಯ್ದೆ. ನೀವು ದೊಡ್ಡವರು, ಒಂದು ಸಲ ಕೂಗಬಾರದಿತ್ತೇ? ಗೋಡೆಯ ಆಚೆಗೇ ಡ್ರಿಲ್ ಮಾಸ್ಟರು ಇದ್ದರಲ್ಲ?

"ಅದಕ್ಕೇ ಮೇಡಂ," ಅಂದರು ಆಕೆ. "ಹೊರಗಡೆ ಗಂಡಸ್ರು ಮಲಗಿದ್ರು. ಏನಂತ ಕೂಗ್ಲಿ?"

ನೀವೇ ಹೇಳಿ. ಕಳ್ಳ ಬಂದ ಅಂತ ಕೂಗಬಹುದು, ಹಾವು ಅಂತ ಕೂಗಬಹುದು, ಬೆಂಕಿ ಅಂತ ಕೂಗಬಹುದು. ಇದಕ್ಕೆ ಏನಂತ ಕೂಗುವುದು?

ಹಾಲಿನ ಒಳಗೆ ಹೋದೆ. ಹಾಸಿಗೆಗಳನ್ನು ನೀಟಾಗಿ ಮಡಚಿ ಇಟ್ಟಿದ್ದರು. ಒಂದು ಮೂಲೆಯಲ್ಲಿ ನ್ಯೂಸ್ ಪೇಪರಿನ ಮೇಲೆ ಜಲ್ಲಿ, ಮರಳು, ಇದ್ದಿಲು ಗುಡ್ಡೆ ಹಾಕಿತ್ತು. ಇನ್ನೊಂದು ಮೂಲೆಯಲ್ಲಿ ನೀಲಿ ಬಕೆಟ್. ಅದರ ಬಾಯಿಗೆ ಒಂದು ಚಾರ್ಟ್ ಮುಚ್ಚಿತ್ತು. ಚಾರ್ಟಿನ ಮೇಲೆ ಶೋಭಾಳ ಗುಂಡು ಗುಂಡಾದ ಅಕ್ಷರ: 'ಶುದ್ಧ ನೀರು ಎಲ್ಲರ ಹಕ್ಕು'.

ಚಾರ್ಟ್ ಎತ್ತಿ ನೋಡಿದೆ, ಹಾಗೇ ಮುಚ್ಚಿಟ್ಟೆ.

ಕೆಂಗೇರಿ ಕಡೆಯ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳಂತೆ. ಬಾಯಿಗೆ ದುಪ್ಪಟಿ ತುರುಕಿಕೊಂಡು, ಸದ್ದು ಬರಬಾರದು ಅಂತ. ಶೋಭಾ ಸ್ವಲ್ಪ ಹೊತ್ತು ನೋಡಿದಳಂತೆ. ಆಮೇಲೆ ಎದ್ದು, ಬಕೆಟ್ ಖಾಲಿ ಮಾಡಿ, ನಲ್ಲಿ ತೂತಿಗೆ ಗಟ್ಟಿಯಾಗಿ ಬಟ್ಟೆ ಗಿಡಿದು, ಮೂಲೆಯಲ್ಲಿಟ್ಟು, ಅಡ್ಡಕ್ಕೆ ಒಂದು ಜಮಖಾನ ಹಿಡಿದು ನಿಂತಳಂತೆ. ಇದನ್ನೆಲ್ಲ ಹೇಳಿದ್ದು ಸರೋಜಮ್ಮ.

ಹೆಡ್ಮಾಸ್ಟರು ಬಂದರು, ಕಿವಿಯಲ್ಲಿ ಹೂವಿಟ್ಟುಕೊಂಡು. ಕಣ್ಣಿಗೆ ಮೊದಲು ಬಿದ್ದದ್ದು ಚಿಲಕ.

"ಇದ್ಯಾರ ಕೆಲಸ?"

"ನನ್ನದು ಸಾರ್. ರಾತ್ರಿಯೆಲ್ಲ ಮಕ್ಕಳನ್ನ ಕೂಡಿಹಾಕಿದೀರಲ್ಲ, ಅವರಿಗೆ..."

"ಮೇಡಂ!" ಕೈ ಎತ್ತಿ ನನ್ನನ್ನು ತಡೆದರು. ಸುತ್ತ ನೋಡಿದರು, ದನಿ ತಗ್ಗಿಸಿದರು. "ಅಂಥ ವಿಷಯ ಎಲ್ಲಾ ಗಂಡಸರ ಮುಂದೆ ಮಾತಾಡ್ತಾರಾ? ನೀವು ಓದಿದೋರು."

ಓದುಗರೇ, ನನ್ನ ಬಾಯಿ ಕಟ್ಟಿಹೋಯಿತು. ನನ್ನದು! ನಂಬುತ್ತೀರಾ?

ಅಂದ ಹಾಗೆ, ಹುಡುಗರಲ್ಲಿ ಕೆಲವರು ಕಾಂಪೌಂಡ್ ಹಾರಿ ಸೆಕೆಂಡ್ ಷೋ ಸಿನಿಮಾಕ್ಕೆ ಹೋಗಿ ಬಂದಿದ್ದರು. ಡ್ರಿಲ್ ಮಾಸ್ಟರೇ ನಗುತ್ತಾ ಹೇಳಿದರು. ಹೆಡ್ಮಾಸ್ಟರೂ ನಕ್ಕರು. "ವಯಸ್ಸು ಮೇಡಂ. ಗಂಡು ಹುಡುಗ್ರು ಅಲ್ವೇ?"

ತೀರ್ಪಿನ ಹೊತ್ತು. ಉಳಿದಿಬ್ಬರು ತೀರ್ಪುಗಾರರು ಶೋಭಾಳ ಮೇಜಿನ ಮುಂದೆ ನಿಂತರು. ಮೇಜಿನ ಮೇಲೆ ಒಂದು ಪೇಪರ್ ಪೊಟ್ಟಣದಲ್ಲಿ ಮರಳು, ಇದ್ದಿಲು, ಒಂದು ಕ್ಯಾನಿನಲ್ಲಿ ಕಪ್ಪು ನೀರು. ಅಷ್ಟೇ.

"ಎಲ್ಲಮ್ಮಾ ನಿನ್ನ ಮಾಡೆಲ್ಲು?"

"ಬಕೆಟ್ ಒಡೆದೋಯ್ತು ಸಾರ್."

"ಜೋಪಾನವಾಗಿ ಇಟ್ಕೋಬಾರ್ದಾ? ಏನ್ ಮಕ್ಕಳೋ!"

ನಾನು ಮುಂದೆ ಹೆಜ್ಜೆ ಇಟ್ಟೆ. ಶೋಭಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಇದ್ದದ್ದು ಬರೀ ಗಾಬರಿ. ಬೇಡ ಚಿಕ್ಕಮ್ಮ, ಬೇಡ. ಅಪ್ಪನ ಕಿವಿಗೆ ಬಿದ್ದರೆ ಎಲ್ಲ ಮುಗಿಯಿತು ಅನ್ನುವ ಗಾಬರಿ. ನಾನು ನಿಂತಲ್ಲೇ ನಿಂತೆ. ಮೈಸೂರಿಗೆ ಹೋಗುವುದು ಕರೆಂಟ್ ಬೆಲ್ ಮಾಡಿದ ಒಬ್ಬ ಹುಡುಗ. ಒಳ್ಳೆಯ ಬೆಲ್ಲೇ. ಗಟ್ಟಿಯಾಗಿ ಬಡಿದುಕೊಳ್ಳುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆನೇನೋ. ಸಮಾರೋಪದಲ್ಲಿ ಹೆಡ್ಮಾಸ್ಟರು ಒಂದು ಶೀಲ್ಡ್ ಎತ್ತಿ ಹಿಡಿದರು. ಉತ್ತಮ ಶಿಸ್ತಿಗೆ. ಹುಡುಗಿಯರಿಗೆ. "ಮಕ್ಕಳಿಂದ ಒಂದು ಸದ್ದಿಲ್ಲ. ಗಲಾಟೆ ಮಾಡಿದ್ದು ದೊಡ್ಡವರೇ," ಅಂತ ನನ್ನ ಕಡೆ ನೋಡಿ ನಕ್ಕರು. ಸಭೆಯೂ ನಕ್ಕಿತು. ಇರುವುದು ಒಂದೇ ಶೀಲ್ಡ್, ಸರದಿಯಲ್ಲಿ ಮೊದಲು ಯಾರ ಮನೆಗೆ? ಹುಡುಗಿಯರೆಲ್ಲ ಒಟ್ಟಿಗೆ ಶೋಭಾಳನ್ನು ಮುಂದೆ ತಳ್ಳಿದರು. ಯಾಕೆ ಅಂತ ವೇದಿಕೆಯ ಮೇಲಿದ್ದ ಯಾರಿಗೂ ಹೊಳೆಯಲಿಲ್ಲ.

ಈಗ ಆ ಶೀಲ್ಡ್ ಹೊಸಹಳ್ಳಿಯಲ್ಲಿ, ಅಕ್ಕನ ಮನೆಯ ಟಿವಿ ಮೇಲೆ, ಕಸೂತಿ ಬಟ್ಟೆಯ ಮಧ್ಯೆ ಕೂತಿದೆ. ಬಂದವರಿಗೆಲ್ಲ ಭಾವ ತೋರಿಸುತ್ತಾರೆ. ಬೀಗದ ವಿಷಯ ಹೇಳಿದೆ. ಬಕೆಟ್ಟಿನದಲ್ಲ, ಬರೀ ಬೀಗದ್ದು. ಕೂಗಾಡುತ್ತಾರೆ, ಹೆಡ್ಮಾಸ್ಟರ ಮನೆಗೇ ಹೋಗುತ್ತಾರೆ ಅಂದುಕೊಂಡಿದ್ದೆ.

"ಬೀಗ ಹಾಕಿದ್ರಾ?" ಅಂದಳು ಅಕ್ಕ. "ಸದ್ಯ! ನಾನು ಸುಮ್ನೆ ನಿದ್ದೆಗೆಟ್ಟೆ."

"ಜವಾಬ್ದಾರಿ ಮನುಷ್ಯ," ಅಂದರು ಭಾವ. "ಅವರಿದ್ರೆ ಮುಂದಿನ ವರ್ಷಾನೂ ಕಳಿಸ್ತೀನಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ಮನೆಯಲ್ಲಿ ಎಲ್ಲರಿಗೂ ಸಂತೋಷವಾಗಿತ್ತು. ಬೆಚ್ಚಿಬಿದ್ದು ಕೂತವಳು ನಾನೊಬ್ಬಳೇ.

(ಭಾವ ಇದನ್ನು ಓದಿದರೆ? ಓದುವುದಿಲ್ಲ. ಹೆಂಗಸರ ಪುಟ ಅಂತ ಇದನ್ನು ಮಡಚಿ ಷೆಲ್ಫಿಗೆ ಹಾಸುತ್ತಾರೆ. ಆದರೂ ಶೋಭಾಳನ್ನು ಕೇಳಿಯೇ ಬರೆದೆ, ಹೆಸರೂ ಬದಲಾಯಿಸಿದ್ದೇನೆ.)

ಹೊರಡುವಾಗ ಅವಳು ಗೇಟಿನ ತನಕ ಬಂದಳು. ಸಮಾಧಾನ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನನ್ನ ಕೈ ಹಿಡಿದು, ಒಳಗೆ ಕೇಳಿಸದ ಹಾಗೆ, ಅದೇ ಪಿಸುಮಾತಿನಲ್ಲಿ ಹೇಳಿದಳು:

"ನೀನು ಬೇಜಾರ್ ಮಾಡ್ಕೋಬೇಡ ಚಿಕ್ಕಮ್ಮ. ಮುಂದಿನ ವರ್ಷ ಎರಡು ಬಕೆಟ್ ತಗೊಂಡ್ ಹೋಗ್ತೀನಿ."