ಹುಟ್ಟಿದ್ದಾ, ತೀರಿಕೊಂಡದ್ದಾ?

ಪೆರ್ಲದ ಹತ್ತಿರ, ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಸಿಸ್ಟರುಗಳು ಸಾಕುವ ಮನೆ ಒಂದುಂಟು. ಹುಟ್ಟಿದ ದಿನಕ್ಕೋ ಸತ್ತವರ ವರ್ಷಕ್ಕೋ ಅಲ್ಲಿಗೆ ಒಂದು ಊಟ ಕೊಡಿಸುವ ಕ್ರಮ ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಉಂಟು. ಅಡುಗೆ ನನ್ನದು, ವ್ಯಾನೂ ನನ್ನದು.

ಆವತ್ತು ದುಬೈಯಿಂದ ಒಬ್ಬರು ಹೇಳಿದ್ದ ಊಟ ಇಳಿಸಿದೆ. ಬಡಿಸಿಯೂ ಆಯಿತು, ಆದರೆ ಯಾರೂ ಅನ್ನ ಮುಟ್ಟಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಂಕಲ್, ಹುಟ್ಟಿದ್ದಾ, ತೀರಿಕೊಂಡದ್ದಾ?"

"ಎಂತ?"

ಸಿಸ್ಟರ್ ಮೆಲ್ಲ ಹೇಳಿದರು. "ಹುಟ್ಟಿದ ದಿನವಾದರೆ ಹಾಡು, ತೀರಿಕೊಂಡದ್ದಾದರೆ ಪ್ರಾರ್ಥನೆ. ಅದು ಆಗದೆ ಮಕ್ಕಳು ಉಣ್ಣುವುದಿಲ್ಲ."

ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ. ದುಬೈಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಾರು ಆರುತ್ತಿತ್ತು. ಕೈ ಮುಗಿದು ಕೂತ ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. "ನನ್ನದೇ ಹುಟ್ಟಿದ ದಿನ," ಎಂದುಬಿಟ್ಟೆ.

ಹಾಡಿದರು. ಐವತ್ತು ದಾಟಿದ ನನಗೆ ಅಲ್ಲಿವರೆಗೆ ಯಾರೂ ಹಾಗೆ ಹಾಡಿದ್ದಿಲ್ಲ. ಎಲ್ಲಿ ನೋಡುವುದೆಂದು ತಿಳಿಯದೆ ಪಾಯಸದ ಪಾತ್ರೆ ನೋಡುತ್ತ ನಿಂತೆ.

ವಾಪಸು ಬರುವಾಗ ದುಬೈಯಿಂದ ಫೋನ್ ಬಂತು. "ಅಮ್ಮ ಹೋಗಿ ಇವತ್ತಿಗೆ ವರ್ಷ ಆಯಿತು. ಮಕ್ಕಳು ಪ್ರಾರ್ಥನೆ ಮಾಡಿದರಾ?"

"ಮಾಡಿದರು," ಎಂದೆ.

"ಹಾಗಾದರೆ ಪ್ರತಿ ವರ್ಷವೂ ನೀವೇ ಕೊಂಡುಹೋಗಿ."

ಈಗ ಆ ತಾರೀಕಿಗೆ ನನ್ನ ವ್ಯಾನು ಗೇಟು ದಾಟುವಾಗಲೇ ಮಕ್ಕಳು ಹಾಡು ಶುರು ಮಾಡುತ್ತಾರೆ. ಆ ತಾಯಿಯ ಪಾಲಿನ ಪ್ರಾರ್ಥನೆಯನ್ನು ನಾನು ಗೇಟಿನ ಹೊರಗೇ, ನನಗೆ ಬಂದ ಹಾಗೆ, ಮುಗಿಸಿಕೊಂಡು ಒಳಗೆ ಹೋಗುತ್ತೇನೆ.