ಬೀಗದ ಕೈ ಯಾರ ಜೇಬಿನಲ್ಲಿ

ಅಂಗಿಗೆ ಕಾಜಾ ಹಾಕುವ ಯಂತ್ರದ ಮುಂದೆ ಅರ್ಧ ಆಯುಸ್ಸು ಕಳೆದವಳು ಅವಳು. ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಕಾಜಕ್ಕ. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ಬೆಳಿಗ್ಗೆ ಕೆಲಸಕ್ಕೆ ಕೂತರೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಹೆಂಗಸರ ಶೌಚಾಲಯಕ್ಕೆ ಬೀಗ, ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿ. ಗಂಡಸರದ್ದಕ್ಕೆ ಬೀಗವೇ ಇಲ್ಲ, ಆ ಮಾತು ಬಿಡಿ. ಕೈಯೊಡ್ಡಿ ಕೇಳಿದರೆ ಆತ ಗಡಿಯಾರ ನೋಡಿ, ಇಡೀ ಸಾಲಿಗೆ ಕೇಳುವಂತೆ, "ಈಗ ತಾನೇ ಹೋಗಿದ್ದೆಯಲ್ಲಮ್ಮ?" ಎನ್ನುತ್ತಿದ್ದ. ಆ ಒಂದು ಮಾತಿಗೆ ಹೆದರಿ ಅಷ್ಟೂ ಹೆಂಗಸರು ಬಾಯಾರಿಕೆ ನುಂಗಿಕೊಂಡಿದ್ದರು.

ಕಾಜಕ್ಕನಿಗೆ ಉರಿಮೂತ್ರ ಶುರುವಾಯಿತು, ಹಿಂದೆಯೇ ಜ್ವರ. ಡಾಕ್ಟರಮ್ಮ ಗದರಿದರು: "ನೀರು ಕುಡಿಯದಿದ್ರೆ ಕಿಡ್ನಿ ಕೈ ಕೊಡುತ್ತೆ. ಆಮೇಲೆ ನನ್ನ ಮುಂದೆ ಅತ್ತು ಪ್ರಯೋಜನ ಇಲ್ಲ."

ಅವಳು ಊಟದ ಹೊತ್ತಿನಲ್ಲಿ ಹೆಂಗಸರನ್ನು ಸೇರಿಸಿದಳು. ಕೇಳುವುದು ಒಂದೇ, ಆ ಬೀಗ ತೆಗೆಯಿರಿ ಅಂತ. ಹೋಗಿ ಕೇಳಿದರೆ ಮ್ಯಾನೇಜರ್ ನಕ್ಕು ಕಳಿಸಿದ. ಮುಂದೆ ನಿಂತು ಮಾತಾಡಿದ ಹುಡುಗಿಗೆ ಮರುದಿನ ಗೇಟಿನಲ್ಲೇ ಇನ್ನು ಮುಂದೆ ಬರಬೇಡ ಎಂದರು.

ಕಾಜಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು, ಯೂನಿಯನ್ನಿನ ಕಾರ್ಯದರ್ಶಿ. ಒಳ್ಳೆಯವನು, ಸುಳ್ಳು ಹೇಳಬಾರದು.

"ನೀವಷ್ಟೇ ನಿಂತ್ರೆ ಒಬ್ಬೊಬ್ಬರನ್ನೇ ಕಿತ್ತು ಹಾಕ್ತಾರೆ ಕಣೇ," ಎಂದ. "ನಮ್ಮ ಸಂಬಳದ ಬೇಡಿಕೆ ಜೊತೆ ನಿಮ್ಮದನ್ನೂ ಸೇರಿಸೋಣ. ಎಲ್ಲರೂ ಒಟ್ಟಿಗೆ ಯಂತ್ರ ನಿಲ್ಲಿಸಿದ್ರೆ ಅವನಪ್ಪನೂ ಬಗ್ತಾನೆ."

ಪಕ್ಕದ ಯಂತ್ರದಲ್ಲಿ ಕೂರುವ ನಾದಿನಿ ಅಣ್ಣನ ಮಾತಿಗೆ ಮೂಗು ಮುರಿದಳು. "ಬೇಡ ಅತ್ತಿಗೆ. ಮಾತುಕತೆಗೆ ಕೂತ್ಮೇಲೆ ಮೊದಲು ಬಿಟ್ಟುಕೊಡೋದು ನಮ್ಮದನ್ನೇ. ಅವರಿಗೆ ಇದು ಇನ್ನೊಂದು ಬೇಡಿಕೆ. ನಮಗೆ ಇದು ಮೈ."

"ಹಾಗಂತ ಇನ್ನೆಷ್ಟು ಹುಡುಗೀರನ್ನ ಮನೆಗೆ ಕಳಿಸೋಣ ಹೇಳು?" ಎಂದಳು ಕಾಜಕ್ಕ.

ಆದರೂ ನಾದಿನಿ ಹೇಳಿದ್ದು ಅವಳಿಗೆ ಸುಳ್ಳೆನಿಸಲಿಲ್ಲ. ಕೆಲವು ದಿನ ಅನ್ನ ಸೇರದೆ ಒದ್ದಾಡಿ, ಕೊನೆಗೆ "ಸೇರಿಸಿ" ಎಂದಳು. ಉಳಿದ ಹೆಂಗಸರು ಅವಳ ಮುಖ ನೋಡಿ ಒಪ್ಪಿದರು.

ಯಂತ್ರಗಳು ನಿಂತವು. ಗೇಟಿನ ಮುಂದೆ ಬಿಸಿಲಲ್ಲಿ ಕೂತವರಲ್ಲಿ ಹೆಂಗಸರೇ ಹೆಚ್ಚು, ಗಂಟಲು ಹರಿದುಕೊಂಡವರೂ ಅವರೇ. ಮಾತುಕತೆಗೆ ಒಳಗೆ ಹೋದವರು ಮಾತ್ರ ಅಷ್ಟೂ ಗಂಡಸರು. ನಮ್ಮವಳೊಬ್ಬಳು ಬರಲಿ ಎನ್ನಲು ಯಾರಿಗೂ ತೋಚಲಿಲ್ಲ, ನೋಡಿ. ನಾಲಗೆ ಚುರುಕಿನ ಕಾಜಕ್ಕನಿಗೂ ತೋಚಲಿಲ್ಲ.

ಸಂಬಳ ಏರಿತು. ಆ ಹುಡುಗಿಗೆ ಕೆಲಸ ವಾಪಸ್ ಸಿಕ್ಕಿತು. ಗಂಡ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ಕೂಗಿದ: "ಬೀಗ ತೆಗೆಯಲ್ಲ ಅಂದ್ರು, ನಾವೂ ಬಿಡ್ಲಿಲ್ಲ. ಸೂಪರ್‌ವೈಸರ್ ಕೈಯಿಂದ ಕಿತ್ಕೊಂಡ್ವಿ. ಇನ್ಮೇಲೆ ಇದು ನಮ್ಮ ಹತ್ರಾನೇ ಇರುತ್ತೆ!"

ಬೀಗದ ಕೈಯನ್ನು ಎಲ್ಲರಿಗೂ ಎತ್ತಿ ತೋರಿಸಿ, ತನ್ನ ಜೇಬಿಗೆ ಹಾಕಿಕೊಂಡ. ಗಂಡಸರು ಚಪ್ಪಾಳೆ ಹೊಡೆದರು. ಕಾಜಕ್ಕನೂ ಹೊಡೆದಳು. ನಾದಿನಿ ಕೈ ಕಟ್ಟಿಕೊಂಡು ನಿಂತಿದ್ದಳು.

ಮರುದಿನ ಕಾಜಕ್ಕ ಬಾಟಲಿ ತುಂಬ ನೀರು ತಂದು ಕುಡಿದಳು. ಮಧ್ಯಾಹ್ನದೊಳಗೆ ಎರಡನೇ ಸಲ ಏಳಬೇಕಾಯಿತು. ಗಂಡ ಕತ್ತರಿಸುವ ಮೇಜಿನ ಬಳಿಯಿದ್ದ, ಸುತ್ತ ಜನ. ಹೆಂಗಸರು ಪದೇ ಪದೇ ಎದ್ದು ಕೆಲಸದ ಹೊತ್ತು ಹಾಳಾದರೆ ಯೂನಿಯನ್ನೇ ಹೊಣೆ ಎಂದು ಮ್ಯಾನೇಜರ್ ಷರತ್ತು ಹಾಕಿದ್ದ. ಹೆಂಡತಿಗೇ ಬೇರೆ ನ್ಯಾಯ ಎಂದು ಯಾರೂ ಆಡಿಕೊಳ್ಳಬಾರದಲ್ಲ. ಅವಳು ಕೈಯೊಡ್ಡಿದಳು. ಅವನು ಗಡಿಯಾರ ನೋಡಿದ.

"ಈಗ ತಾನೇ ಹೋಗಿದ್ದೆಯಲ್ಲೇ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡದವಳು ಒಡ್ಡಿದ ಕೈ ಹಿಂತೆಗೆದುಕೊಂಡು ಯಂತ್ರದ ಮುಂದೆ ಹೋಗಿ ಕೂತಳು. ಸೂಪರ್‌ವೈಸರನಾದರೆ ಮನೆಗೆ ಹೋಗಿ ಗಂಡನ ಮುಂದೆ ಹಿಡಿಶಾಪ ಹಾಕಬಹುದಿತ್ತು. ಇದನ್ನು ಯಾರ ಮುಂದೆ ಹೇಳುವುದು?

ಮಾರನೆಯ ಬೆಳಿಗ್ಗೆ ಅವನೇ ಬಾಟಲಿ ತುಂಬಿಸಿ ಅವಳ ಚೀಲದಲ್ಲಿಟ್ಟ. "ಡಾಕ್ಟರಮ್ಮ ಹೇಳಿದಾರಲ್ಲ, ಮರೀದೆ ಕುಡಿ." ಅವನ ದನಿಯಲ್ಲಿದ್ದದ್ದು ನಿಜವಾದ ಕಾಳಜಿ, ಅವಳಿಗೆ ತಡೆಯಲಾಗದಿದ್ದದ್ದೂ ಅದೇ.

"ಆಯ್ತು," ಎಂದಳು.

ಸಂಜೆ ಆ ಬಾಟಲಿಯನ್ನು, ಮುಚ್ಚಳ ತೆಗೆಯದೆ, ಹಾಗೇ ಮನೆಗೆ ಹೊತ್ತು ತಂದಳು.