ಟೆಂಟಿನ ಡಾಕ್ಟರು
ಮಲೇಷ್ಯಾದ ಪುಚೊಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರ್ ರತ್ನಾಕರರಿಗೆ ರಜೆ ಬಂತೆಂದರೆ ಕಾಲು ನಿಲ್ಲುವುದಿಲ್ಲ. ಕಾರಿಗೆ ಟೆಂಟು ತುಂಬಿ ಕೆಡಾ ರಾಜ್ಯದ ಗದ್ದೆ ಬಯಲಿನ ಪುಟ್ಟ ಊರುಗಳಿಗೆ ಒಬ್ಬರೇ ಹೊರಟುಬಿಡುತ್ತಾರೆ. ಅಲ್ಲಿನವರಿಗೇ ದಾರಿ ಹೇಳಿಕೊಡುತ್ತಾರೆಂದು ನಾವು ನಗುತ್ತೇವೆ. ಕೊರೊನಾಕ್ಕೆ ಮೊದಲು, ಪ್ರತಿ ಸಲ ಹೊರಡುವಾಗ ಹೆಂಡತಿ ವಿನೋದಾ, "ನಾನೂ ಬರ್ಲಾ?" ಎಂದು ಕೇಳುತ್ತಿದ್ದರು. "ಅಲ್ಲಿ ಟಾಯ್ಲೆಟ್ ಸರಿ ಇರುದಿಲ್ಲ ಮಾರಾಯ್ತಿ, ನಿನಗೆ ಆಗ್ಲಿಕ್ಕಿಲ್ಲ" ಎಂದು ಇವರು ಜಾರಿಕೊಳ್ಳುತ್ತಿದ್ದರು. ಲಾಕ್‌ಡೌನಿನಲ್ಲಿ ಆಕೆ ಕೊರೊನಾದಿಂದ ತೀರಿಕೊಂಡರು. ರಾಜ್ಯಗಳ ಗಡಿ ತೆರೆದ ಮೇಲೆ ಇವರ ತಿರುಗಾಟ ಮತ್ತೆ ಶುರುವಾಗಿದೆ. ಈಗ ಯಾವ ಊರಿಗೆ ಹೋದರೂ ಟೆಂಟು ಬಿಚ್ಚುವ ಮೊದಲು ಅಲ್ಲಿನ ಶೌಚಾಲಯ ನೋಡಿ ಬರುತ್ತಾರೆ. ಆಮೇಲೆ ನನಗೆ ಫೋನು ಮಾಡುತ್ತಾರೆ: "ಇಲ್ಲಿಯೂ ಕ್ಲೀನ್ ಉಂಟು ಮಾರಾಯ. ಅವಳು ಬರ್ಬಹುದಿತ್ತು."